ಮಸ್ಕಿ ಮೀನಿನ ಫೈಬರ್‌ಗ್ಲಾಸ್ ಪ್ರತಿಕೃತಿ: ಮಾಡಿಸಿಕೊಂಡವಳ ಅನಿಸಿಕೆ

ಹಿಡಿದ ದೊಡ್ಡ ಮೀನನ್ನು ಗೋಡೆಗೆ ಏರಿಸಬೇಕೆಂಬ ಆಸೆ ಇದ್ದರೆ ಫೈಬರ್‌ಗ್ಲಾಸ್ ಪ್ರತಿಕೃತಿಯನ್ನೇ ಮಾಡಿಸಿ. ಚರ್ಮ ಸುಲಿದು ಮಾಡುವ ಟ್ಯಾಕ್ಸಿಡರ್ಮಿಯ ಕಡೆ ಹೋಗಬೇಡಿ. ನಮ್ಮ ಮನೆಯಲ್ಲಿ ಎರಡೂ ಇವೆ: ಚರ್ಮದ್ದೊಂದು ಲೇಕ್ ಟ್ರೌಟ್, ಪ್ರತಿಕೃತಿಯದೊಂದು ಮಸ್ಕಿ, ಅಂದರೆ ಇಲ್ಲಿನ ಸರೋವರಗಳ ಒಂದು ದೊಡ್ಡ ಬೇಟೆಗಾರ ಮೀನು. ಎರಡಕ್ಕೂ ನಮ್ಮದೇ ದುಡ್ಡು ಸುರಿದಿದ್ದೇವೆ, ಎರಡನ್ನೂ ದಿನಬೆಳಗಾದರೆ ನೋಡುತ್ತೇನೆ. ಕೆಲಸಕ್ಕೆಂದು ಅಮೆರಿಕದ ಮಿನ್ನೆಸೋಟಾ ರಾಜ್ಯಕ್ಕೆ ಬಂದ ನಮ್ಮ ಕಡೆಯ ಹುಡುಗರು ಒಬ್ಬೊಬ್ಬರಾಗಿ ದೋಣಿ ಕೊಳ್ಳುತ್ತಿದ್ದಾರೆ. ಬೇಸಿಗೆಯಲ್ಲಿ ಒಂದು ಒಳ್ಳೆಯ ಮೀನು ಸಿಕ್ಕಿತೆಂದರೆ ‘ಅಕ್ಕಾ, ಇದನ್ನು ಹಾಗೇ ಉಳಿಸಿಕೊಳ್ಳುವುದು ಹೇಗೆ’ ಎಂದು ಫೋನ್ ಮಾಡುತ್ತಾರೆ. ಒಬ್ಬೊಬ್ಬರಿಗೂ ಅರ್ಧರ್ಧ ಹೇಳುವುದಕ್ಕಿಂತ, ನಾನು ಕಂಡದ್ದನ್ನೆಲ್ಲ ಒಂದೇ ಕಡೆ ಬರೆದಿಡುತ್ತೇನೆ.

ಈ ವಿಷಯದಲ್ಲಿ ನನ್ನ ಮಾತಿಗೆ ಒಂದಿಷ್ಟು ಆಧಾರವಿದೆ. ನಾನು ಹುಣಸೂರಿನವಳು. ಲಕ್ಷ್ಮಣತೀರ್ಥದ ದಡದಲ್ಲಿ ಅಪ್ಪನ ಪಕ್ಕ ಕುಳಿತು ಎರೆಹುಳು ಚುಚ್ಚಿದ ಗಾಳ ಹಿಡಿದೇ ಬೆಳೆದೆ. ಈಗ ಸೇಂಟ್ ಕ್ಲೌಡ್‌ನ ಒಂದು ದಂತ ಪ್ರಯೋಗಾಲಯದಲ್ಲಿ ಕೆಲಸ. ವೈದ್ಯರು ಕಳಿಸುವ ಬಾಯಿಯ ಅಳತೆಯಿಂದ ಅಚ್ಚು ತೆಗೆದು, ಹಲ್ಲಿನ ಕ್ಯಾಪ್ ಮಾಡಿ, ಪಕ್ಕದ ಹಲ್ಲಿಗೆ ಹೊಂದುವಂತೆ ಬಣ್ಣ ಕೂಡಿಸುತ್ತೇನೆ. ಅಚ್ಚು, ರೆಸಿನ್ (ಹೊಯ್ದ ಮೇಲೆ ಗಟ್ಟಿಯಾಗುವ ಅಂಟುದ್ರವ), ಬೆಸುಗೆಯ ಗೆರೆ, ಪದರದ ಮೇಲೆ ಪದರವಾಗಿ ಕೂರುವ ಬಣ್ಣ, ಇವೆಲ್ಲ ನನ್ನ ಹೊಟ್ಟೆಪಾಡಿನ ಸಂಗತಿಗಳು. ಯಾರೋ ಎರಕ ಹೊಯ್ದ ವಸ್ತುವನ್ನು ಕೈಗೆ ಕೊಟ್ಟರೆ ಮೊದಲು ಅದನ್ನು ತಿರುಗಿಸಿ ಜೋಡಣೆಯ ಗೆರೆ ಎಲ್ಲಿದೆ ಎಂದು ಹುಡುಕುತ್ತೇನೆ.

ಮೊದಲು ಹಳೆಯದರ ವಿಷಯ. ನನ್ನ ಗಂಡ ಡುಲೂತ್‌ನಿಂದ ಬಾಡಿಗೆ ದೋಣಿಯಲ್ಲಿ ಹೋಗಿ ಸುಪೀರಿಯರ್ ಸರೋವರದಲ್ಲಿ 34 ಇಂಚಿನ ಲೇಕ್ ಟ್ರೌಟ್ ಹಿಡಿದರು. ಆ ಕಾಲಕ್ಕೆ ನಮಗೆ ಗೊತ್ತಿದ್ದ ದಾರಿ ಚರ್ಮದ ಟ್ಯಾಕ್ಸಿಡರ್ಮಿ ಒಂದೇ. ದೋಣಿಯವರು ಹೇಳಿದಂತೆ ಹೊಟ್ಟೆ ಸೀಳದೆ, ಮೈಯನ್ನು ಒದ್ದೆ ಟವೆಲಿನಲ್ಲಿ ಸುತ್ತಿ, ರೆಕ್ಕೆಗಳನ್ನು ಮೈಗೆ ಅಂಟಿಸಿ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಫ್ರೀಜರಿನಲ್ಲಿ ಸಮತಟ್ಟಾಗಿ ಮಲಗಿಸಿದೆವು. ಅಷ್ಟು ಒಳ್ಳೆಯ ಮೀನಿನ ಒಂದು ತುಂಡೂ ಸಾರಿಗೆ ದಕ್ಕಲಿಲ್ಲ. ಚರ್ಮ ಬೇಕೆಂದರೆ ಮೀನನ್ನು ಇಡಿಯಾಗಿಯೇ ಒಪ್ಪಿಸಬೇಕು. ಅಂಗಡಿಯವರ ಸರದಿ ಬರುವ ಹೊತ್ತಿಗೆ ಒಳಗಿನ ಮಾಂಸ ತಿನ್ನುವ ಸ್ಥಿತಿಯಲ್ಲಿ ಇರುವುದಿಲ್ಲ.

ಅವರು ಮಾಡುವ ಕೆಲಸ ಇಷ್ಟು. ಗೋಡೆಯ ಕಡೆಗೆ ಬರುವ ಪಕ್ಕದಲ್ಲಿ ಉದ್ದಕ್ಕೆ ಸೀಳಿ, ತಲೆ ಮತ್ತು ರೆಕ್ಕೆಗಳ ಸಮೇತ ಚರ್ಮವನ್ನು ಬಿಡಿಸುತ್ತಾರೆ. ಅದಕ್ಕೆ ಅಂಟಿದ ಮಾಂಸವನ್ನೂ ಕೊಬ್ಬನ್ನೂ ಕೆರೆದು, ಬೋರಾಕ್ಸ್ ಹಚ್ಚಿ ಹದ ಮಾಡಿ, ಫೋಮಿನಲ್ಲಿ ಕೆತ್ತಿದ ಮೈಗೆ ಹೊದಿಸಿ ಹೊಲಿಯುತ್ತಾರೆ. ರೆಕ್ಕೆಗಳನ್ನು ಅಗಲಿಸಿ ಎರಡು ರಟ್ಟುಗಳ ನಡುವೆ ಕ್ಲಿಪ್ ಹಾಕಿ, ವಾರಗಟ್ಟಲೆ ಒಣಗಲು ಬಿಡುತ್ತಾರೆ. ಕಣ್ಣು ಗಾಜಿನದು. ಇಷ್ಟೆಲ್ಲ ಆದ ಮೇಲೆ ಉಳಿಯುವುದು ಬಣ್ಣಗೆಟ್ಟ ಕಂದು ಮೈ. ಮೀನಿನ ಬಣ್ಣ ಅದರ ಜೀವದೊಡನೆಯೇ ಮಾಸಲು ಶುರುವಾಗುತ್ತದೆ, ಚರ್ಮ ಒಣಗುವ ಹೊತ್ತಿಗೆ ಪೂರ್ತಿ ಹೋಗಿರುತ್ತದೆ. ಹಾಗಾಗಿ ತಲೆಯಿಂದ ಬಾಲದ ತನಕ ಹೊಸದಾಗಿ ಬಣ್ಣ ಬಳಿಯಲೇಬೇಕು. ‘ಇದು ನಿಜವಾದ ಮೀನು, ಅದು ಪ್ಲಾಸ್ಟಿಕ್ ಮೀನು’ ಎಂದು ವಾದ ಮಾಡುವವರಿಗೆ ನಾನು ಇದನ್ನೇ ಮೊದಲು ಹೇಳುವುದು. ಎರಡರಲ್ಲೂ ನಿಮ್ಮ ಕಣ್ಣಿಗೆ ಬೀಳುವುದು ಒಬ್ಬ ಮನುಷ್ಯ ಬಳಿದ ಬಣ್ಣ. ಒಂದರಲ್ಲಿ ಆ ಬಣ್ಣದ ಕೆಳಗೆ ಚರ್ಮವಿದೆ, ಇನ್ನೊಂದರಲ್ಲಿ ಫೈಬರ್‌ಗ್ಲಾಸ್ ಇದೆ. ವ್ಯತ್ಯಾಸ ಅಷ್ಟೇ.

ಆ ಚರ್ಮ ಸುಮ್ಮನೆ ಇರುವುದಿಲ್ಲ ಎನ್ನುವುದು ನಮ್ಮ ಲೇಕ್ ಟ್ರೌಟ್ ಕಲಿಸಿದ ಪಾಠ. ಮನೆಗೆ ಬಂದಾಗ ಚೆನ್ನಾಗಿಯೇ ಇತ್ತು. ಎರಡು ಚಳಿಗಾಲ ಕಳೆಯುವುದರೊಳಗೆ ಬೆನ್ನಿನ ರೆಕ್ಕೆಯ ಬುಡದಲ್ಲಿ ಹಳದಿ ಕಲೆ ಮೂಡಿತು. ಬೆರಳಿಟ್ಟರೆ ಜಿಡ್ಡು. ಟ್ರೌಟ್, ಸಾಲ್ಮನ್ ಜಾತಿಯ ಮೀನುಗಳ ಮೈತುಂಬ ಎಣ್ಣೆ. ಹದ ಮಾಡುವಾಗ ಅದನ್ನು ಪೂರ್ತಿ ತೆಗೆಯದಿದ್ದರೆ ಉಳಿದ ಎಣ್ಣೆ ವರ್ಷಗಳ ಮೇಲೂ ಬಣ್ಣವನ್ನು ದಾಟಿ ಹೊರಗೆ ಒಸರುತ್ತದೆ. ತಲೆಯಲ್ಲಿ ಮಾಂಸ ಮತ್ತು ಮೃದ್ವಸ್ಥಿ ಹೆಚ್ಚು, ಅದನ್ನು ಪೂರ್ತಿ ಕೆರೆದು ತೆಗೆಯುವುದೂ ಕಷ್ಟ. ಹಾಗಾಗಿ ಅದು ಒಣಗುತ್ತಾ ಒಳಕ್ಕೆ ಎಳೆದುಕೊಂಡಿತು. ಈಗ ನಮ್ಮ ಟ್ರೌಟಿನ ಕೆನ್ನೆ, ಹಲ್ಲು ಉದುರಿದ ಅಜ್ಜನ ಕೆನ್ನೆಯಂತೆ ಗುಳಿ ಬಿದ್ದಿದೆ. ಬಾಲದ ತುದಿಯಲ್ಲಿ ಎರಡು ಸೀಳು ಬೇರೆ. ಚಳಿಗಾಲದಲ್ಲಿ ಹೀಟರಿನ ಒಣಗಾಳಿ ತಿಂಗಳುಗಟ್ಟಲೆ ಆಡುವ ಮನೆಯಲ್ಲಿ ಒಣ ರೆಕ್ಕೆ ಸೀಳದೆ ಇನ್ನೇನು ಮಾಡೀತು? ನುರಿತ ಟ್ಯಾಕ್ಸಿಡರ್ಮಿಸ್ಟ್‌ಗಳು ಟ್ರೌಟ್ ಮತ್ತು ಸಾಲ್ಮನ್‌ಗೆ ಚರ್ಮದ ಮೈ ಇಟ್ಟು, ತಲೆಯನ್ನು ಮಾತ್ರ ಎರಕದ್ದು ಕೂರಿಸುತ್ತಾರೆ ಎಂದು ಆಮೇಲೆ ತಿಳಿಯಿತು. ನಮ್ಮ ಕೆಲಸ ಮಾಡಿದ ಅಂಗಡಿಯವರು ಆ ಮಾತನ್ನೇ ಎತ್ತಿರಲಿಲ್ಲ. ಕಲೆಯ ಫೋಟೊ ಕಳಿಸಿದಾಗ ‘ಬಿಸಿಲು ತಾಗಿರಬೇಕು’ ಎಂದು ಉತ್ತರ ಬಂತು. ಆ ಗೋಡೆಗೆ ಬಿಸಿಲೇ ಬೀಳುವುದಿಲ್ಲ.

ಈಗ ಮಸ್ಕಿಯ ವಿಷಯಕ್ಕೆ ಬರುತ್ತೇನೆ. ಇಲ್ಲಿನ ಗಾಳದವರಿಗೆ ಮಸ್ಕಿ ಎಂದರೆ ಮೀನುಗಳ ರಾಜ. ಪೂರ್ತಿ ಹೆಸರು ಮಸ್ಕಲಂಜ್. ಹತ್ತು ಸಾವಿರ ಸಲ ಗಾಳ ಎಸೆದರೆ ಒಂದು ಸಿಗುತ್ತದೆ ಎಂಬ ಮಾತು ಈ ಮೀನಿಗೆ ಅಂಟಿಕೊಂಡೇ ಇದೆ. ದೋಣಿಯ ಪಕ್ಕದ ತನಕ ಗಾಳದ ಹಿಂದೆಯೇ ಬಂದು, ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಬಾಯಿ ಹಾಕದೆ ತಿರುಗಿ ಹೋಗುತ್ತದೆ. ಅದಕ್ಕೇ ಎಸೆದ ಪ್ರತಿ ಸಲವೂ ಗಾಳವನ್ನು ಮೇಲೆತ್ತುವ ಮುನ್ನ ಕೋಲಿನ ತುದಿಯನ್ನು ನೀರಿಗಿಳಿಸಿ ಇಂಗ್ಲಿಷಿನ ಎಂಟರ ಅಂಕಿಯಂತೆ ತಿರುವಬೇಕು. ನನ್ನದು ಸಿಕ್ಕಿದ್ದು ಹಾಗೆಯೇ, ಸೆಪ್ಟೆಂಬರಿನಲ್ಲಿ, ಮಿಲ್ ಲ್ಯಾಕ್ಸ್ ಸರೋವರದಲ್ಲಿ, ದೋಣಿಯಿಂದ ಮೂರು ಅಡಿ ದೂರದಲ್ಲಿ. ಉದ್ದ 50.5 ಇಂಚು, ಸುತ್ತಳತೆ 22 ಇಂಚು. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 800ರಿಂದ ಭಾಗಿಸಿದರೆ ಪೌಂಡಿನಲ್ಲಿ ತೂಕದ ಅಂದಾಜು ಬರುತ್ತದೆ. ಆ ಲೆಕ್ಕದಲ್ಲಿ ಮೂವತ್ತು ಪೌಂಡಿನ ಆಸುಪಾಸು.

ಈ ಮೀನನ್ನು ಇಟ್ಟುಕೊಳ್ಳುವ ಪ್ರಶ್ನೆಯೇ ಇರಲಿಲ್ಲ. ಮಿನ್ನೆಸೋಟಾದ ಬಹುತೇಕ ಸರೋವರಗಳಲ್ಲಿ 54 ಇಂಚಿಗಿಂತ ಗಿಡ್ಡ ಮಸ್ಕಿಯನ್ನು ನೀರಿಗೆ ಬಿಡಲೇಬೇಕು, ಅದು ಕಾನೂನು. ಕಾನೂನು ಇಲ್ಲದಿದ್ದರೂ ಬಿಡುತ್ತಿದ್ದೆ. ಐವತ್ತು ಇಂಚು ದಾಟಿದ ಮಸ್ಕಿ ಸಾಮಾನ್ಯವಾಗಿ ಹೆಣ್ಣು. ಅಷ್ಟು ಬೆಳೆಯಲು ಹದಿನೈದು ವರ್ಷ ಅಥವಾ ಅದಕ್ಕೂ ಹೆಚ್ಚು ಬೇಕು. ಒಂದು ದೊಡ್ಡ ಸರೋವರದಲ್ಲಿಯೂ ಅಂಥವು ಕಡಿಮೆಯೇ. ಒಂದನ್ನು ಗೋಡೆಗೆ ಹೊಡೆದರೆ ಹದಿನೈದು ವರ್ಷದ ಬೆಳೆಯನ್ನು ಕಿತ್ತಂತೆಯೇ. ಬಿಡಬೇಕೆಂದು ಹೊರಟರೂ ಕೆಲವೊಮ್ಮೆ ಮೀನು ಬದುಕುವುದಿಲ್ಲ. 2021ರ ನವೆಂಬರಿನಲ್ಲಿ ಇದೇ ಮಿಲ್ ಲ್ಯಾಕ್ಸಿನಲ್ಲಿ 55 ಪೌಂಡ್ 14.8 ಔನ್ಸಿನ ಮಸ್ಕಿ ಸಿಕ್ಕು, 1957ರಿಂದ ನಿಂತಿದ್ದ ರಾಜ್ಯದ ದಾಖಲೆ ಮುರಿಯಿತು. ಹಿಡಿದವರು ಅದನ್ನು ಮತ್ತೆ ಮತ್ತೆ ನೀರಿಗೆ ಬಿಡಲು ನೋಡಿದರೂ ಅದು ಚೇತರಿಸಿಕೊಳ್ಳಲಿಲ್ಲ. ಅಂಥ ಸಂದರ್ಭದಲ್ಲಿ ಚರ್ಮ ಉಳಿಸಿಕೊಳ್ಳುವುದಕ್ಕೆ ನನ್ನ ಆಕ್ಷೇಪವಿಲ್ಲ. ಸತ್ತ ಮೀನನ್ನು ಕೊಳೆಯಲು ಬಿಡುವುದರಿಂದ ಯಾರಿಗೂ ಲಾಭವಿಲ್ಲ.

ಬಿಡುವ ಮೀನಿನ ಪ್ರತಿಕೃತಿ ಬೇಕಿದ್ದರೆ ಕೆಲಸ ಶುರುವಾಗುವುದು ದೋಣಿಯಲ್ಲೇ. ಮೀನು ದೊಡ್ಡ ರಬ್ಬರ್ ಬಲೆಯೊಳಗೆ, ನೀರಿನಲ್ಲೇ ಇರಬೇಕು. ಕೊಕ್ಕೆಯನ್ನು ಉದ್ದನೆಯ ಇಕ್ಕಳದಿಂದ ಬಿಡಿಸಬೇಕು, ಬಿಡಿಸಲಾಗದಿದ್ದರೆ ಕತ್ತರಿಸಿ ಹಾಕಬೇಕು. ಫೋಟೊ ತೆಗೆಯುವವರು, ಅಳತೆಯ ಹಲಗೆ, ಬಟ್ಟೆಯ ಟೇಪು ಎಲ್ಲವೂ ಸಿದ್ಧವಾದ ಮೇಲೆಯೇ ಮೀನನ್ನು ಎತ್ತಬೇಕು, ಅಡ್ಡವಾಗಿ, ಹೊಟ್ಟೆಯ ಕೆಳಗೆ ಕೈ ಕೊಟ್ಟು. ಕಿವಿರಿಗೆ ಕೈ ಹಾಕಿ ನೇತುಹಾಕಿದರೆ ಅದರ ಭಾರವೇ ಅದನ್ನು ಒಳಗೆ ಹರಿದುಹಾಕುತ್ತದೆ. ಎರಡೂ ಪಕ್ಕದ ಪೂರ್ತಿ ಮೈ, ತಲೆ, ಬಾಲ, ಬೆನ್ನಿನ ರೆಕ್ಕೆ ಹೀಗೆ ಬಿಡಿಬಿಡಿ ಫೋಟೊ ಬೇಕು. ಹಲ್ಲು ಕಿಸಿದು ನಿಂತ ನಿಮ್ಮ ಮುಖ ಬಣ್ಣ ಹಚ್ಚುವವರಿಗೆ ಬೇಕಾಗಿಲ್ಲ. ನನ್ನ ಗಂಡ ನನ್ನ ಮುಖವನ್ನು ಅರ್ಧಕ್ಕೆ ಕತ್ತರಿಸಿ ಮೀನನ್ನು ಪೂರ್ತಿ ಹಿಡಿದಿದ್ದರು. ಆ ಫೋಟೊಗಳಿಂದಲೇ ಕೆಲಸ ಇಷ್ಟು ಚೆನ್ನಾಗಿ ಬಂತು.

ಪ್ರತಿಕೃತಿ ಮಾಡಿದ ಕಾರ್ಯಾಗಾರ ಬ್ರೇನರ್ಡ್ ಊರಿನ ಆಚೆ, ಪೈನ್ ಮರಗಳ ನಡುವೆ, ಮನೆಗೆ ಅಂಟಿಕೊಂಡ ಗ್ಯಾರೇಜಿನಲ್ಲಿದೆ. ಅಲ್ಲಿ ನಡೆಸುವವರು ಒಬ್ಬರೇ, ಅರವತ್ತು ದಾಟಿದವರು. ಹೆಸರು ಬರೆಯುವುದಿಲ್ಲ, ಏಕೆಂದರೆ ಅವರ ಮೇಲೆ ಒಂದೆರಡು ದೂರೂ ಇವೆ. ದರ ಇಂಚಿಗೆ 26 ಡಾಲರ್. ಕೂರಿಸಲು ಒಂದು ಒಣಮರದ ತುಂಡು ಸೇರಿ 1,400 ಡಾಲರ್ ದಾಟಿತು. ಅರ್ಧ ಮುಂಗಡ. ವೀಡಿಯೊ ಕರೆಯಲ್ಲಿ ಅಮ್ಮ ಕೇಳಿದರು: ‘ಇಷ್ಟು ದುಡ್ಡು ಕೊಟ್ಟು ಸುಳ್ಳು ಮೀನು ತರುತ್ತೀಯಾ?’ ಅಮ್ಮನ ಪ್ರಶ್ನೆ ಸರಿಯಾದದ್ದೇ. ಉತ್ತರ ಕೊಡಬೇಕಾದರೆ ಆ ಗ್ಯಾರೇಜಿನಲ್ಲಿ ಕಂಡದ್ದನ್ನು ಹೇಳಬೇಕು.

ಗೋಡೆಯುದ್ದಕ್ಕೂ ಕಪಾಟಿನಲ್ಲಿ ಅಚ್ಚುಗಳು. ಪ್ರತಿ ಅಚ್ಚೂ ಎಂದೋ ಒಂದು ನಿಜವಾದ ಮೀನಿನ ಮೇಲೆ ತೆಗೆದದ್ದು, ಎರಡು ಹೋಳು. ಅವರಲ್ಲಿ 50 ಇಂಚಿನ ಮಸ್ಕಿಯ ಅಚ್ಚುಗಳೇ ಮೂರಿದ್ದವು. ನಾನು ಉದ್ದ ಹೇಳುತ್ತಿದ್ದಂತೆ ಅವರು ಕೇಳಿದ್ದು ಸುತ್ತಳತೆಯನ್ನು. ಅರ್ಧ ಇಂಚು ಉದ್ದವನ್ನು ಬಾಲದ ಬುಡದಲ್ಲಿ ಕತ್ತರಿಸಿ ಸೇರಿಸಬಹುದಂತೆ. ಹೊಟ್ಟೆಯ ದಪ್ಪ ತಪ್ಪಿದರೆ ಮೀನೇ ಬೇರೆಯಾಗುತ್ತದೆ ಎಂದರು. ನನ್ನ ಸುತ್ತಳತೆಗೆ ಹತ್ತಿರದ ಅಚ್ಚನ್ನು ಆರಿಸಿ, ಅದರ ಹೋಳುಗಳ ಒಳಗೆ ಫೈಬರ್‌ಗ್ಲಾಸ್ ಬಟ್ಟೆ ಮತ್ತು ರೆಸಿನ್ ಪದರ ಹಾಕುತ್ತಾರೆ. ಗಟ್ಟಿಯಾದ ಎರಡು ಹೋಳುಗಳನ್ನು ಬೆನ್ನಿನ ಮತ್ತು ಹೊಟ್ಟೆಯ ಗೆರೆಯಲ್ಲಿ ಕೂಡಿಸಿ, ಗೆರೆಯನ್ನು ತುಂಬಿ, ಉಜ್ಜಿ, ಅಳಿಸಿಹೋದ ಹುರುಪೆಗಳನ್ನು ಚಿಕ್ಕ ಉಪಕರಣದಿಂದ ಮತ್ತೆ ಕೊರೆಯುತ್ತಾರೆ. ರೆಕ್ಕೆಗಳನ್ನು ಬೇರೆಯಾಗಿ, ಬೆಳಕು ಹಾಯುವಂಥ ತೆಳುವಾದ ರೆಸಿನ್‌ನಲ್ಲಿ ಎರಕ ಹೊಯ್ಯುತ್ತಾರೆ. ಕಿಟಕಿಗೆ ಹಿಡಿದು ನೋಡಿದಾಗ ರೆಕ್ಕೆಯ ಕಡ್ಡಿಗಳು ಒಂದೊಂದೂ ಕಂಡವು. ಬೆನ್ನಿನ ಜೋಡಣೆಯನ್ನು ಬೆರಳಿನಿಂದ ಸವರಿದೆ. ನನ್ನ ಕೈಗೆ ಸಿಗಲಿಲ್ಲ. ನಮ್ಮ ಪ್ರಯೋಗಾಲಯದಲ್ಲಿ ಇಷ್ಟು ಉದ್ದದ ಬೆಸುಗೆಯನ್ನು ಯಾರೂ ಮಾಡುವುದಿಲ್ಲ, ಮಾಡಿದರೂ ಇಷ್ಟು ನಯವಾಗಿ ಬರುವುದು ಸಂದೇಹ.

ಬಣ್ಣದ ಕೆಲಸ ನೋಡಲೆಂದೇ ಅನುಮತಿ ಕೇಳಿ ಇನ್ನೊಮ್ಮೆ ಹೋದೆ. ಅಡಿಯಲ್ಲಿ ಬಿಳಿ ಪ್ರೈಮರ್, ಹೊಟ್ಟೆಗೆ ಕೆನೆ ಬಣ್ಣ, ಪಕ್ಕೆಗೆ ಮುತ್ತಿನ ಹೊಳಪಿನ ಪುಡಿ ಬೆರೆಸಿದ ಬೆಳ್ಳಿ ಹಸಿರು, ಬೆನ್ನಿಗೆ ಕಡು ಪಾಚಿ ಹಸಿರು, ಎಲ್ಲವೂ ಗಾಳಿಯ ಒತ್ತಡದಿಂದ ಬಣ್ಣ ಊದುವ ಏರ್‌ಬ್ರಷ್‌ನಲ್ಲಿ. ಆಮೇಲೆ ಅವರು ಏರ್‌ಬ್ರಷ್ ಬದಿಗಿಟ್ಟು, ಕನ್ನಡಕದ ಮೇಲೆ ಇನ್ನೊಂದು ಭೂತಗನ್ನಡಿ ಏರಿಸಿ, ನಾಲ್ಕೈದು ಕೂದಲಿನ ಕುಂಚ ಹಿಡಿದು ಒಂದೊಂದು ಹುರುಪೆಯ ಅಂಚಿಗೂ ಬಣ್ಣದ ಚುಕ್ಕೆ ಇಡಲು ಕುಳಿತರು. ಮಸ್ಕಿಯ ಹುರುಪೆ ಸಣ್ಣದು, ಐವತ್ತು ಇಂಚಿನ ಮೈಯಲ್ಲಿ ಸಾವಿರಾರು. ಬೆನ್ನಿನ ಕಡೆ ಚಿನ್ನದ ಛಾಯೆ, ಪಕ್ಕೆಗೆ ಇಳಿದಂತೆ ಬೆಳ್ಳಿ. ಇದೇ ಕೆಲಸವನ್ನು ಬಲೆಯ ಬಟ್ಟೆ ಹಾಸಿ ಅದರ ಮೇಲೆ ಬಣ್ಣ ಊದಿ ಒಂದೇ ನಿಮಿಷದಲ್ಲಿ ಮುಗಿಸುವವರೂ ಇದ್ದಾರೆ. ಎರಡರ ವ್ಯತ್ಯಾಸ ತಿಳಿಯಬೇಕಿದ್ದರೆ ಮೀನನ್ನು ಪಕ್ಕದಿಂದ, ಓರೆಯಾಗಿ ನೋಡಬೇಕು. ಬಲೆಯ ಕೆಲಸದಲ್ಲಿ ಹುರುಪೆಯ ಆಕಾರ ತಲೆಯಿಂದ ಬಾಲದವರೆಗೂ ಒಂದೇ ಅಳತೆ. ನಿಜವಾದ ಮೀನಿನಲ್ಲಿ ಬಾಲದ ಕಡೆಗೆ ಅದು ಕಿರಿದಾಗುತ್ತಾ ಹೋಗುತ್ತದೆ.

ಮಸ್ಕಿಯ ಮೈಮೇಲಿನ ಗುರುತುಗಳು ಒಂದರಂತೆ ಇನ್ನೊಂದಕ್ಕೆ ಇರುವುದಿಲ್ಲ. ಎಡಪಕ್ಕದಂತೆ ಬಲಪಕ್ಕವೂ ಇರುವುದಿಲ್ಲ. ಹಿಡಿದು ಬಿಟ್ಟ ಮೀನನ್ನೇ ಇನ್ನೊಬ್ಬರು ಮತ್ತೆ ಹಿಡಿದಾಗ ಹಳೆಯ ಫೋಟೊದ ಗುರುತು ನೋಡಿ ಪತ್ತೆ ಹಚ್ಚುವುದುಂಟು. ಅದಕ್ಕೆ ಇವರು ಯಾವ ಪಕ್ಕದ ಫೋಟೊ ಸ್ಪಷ್ಟವಾಗಿದೆಯೋ ಆ ಪಕ್ಕವನ್ನೇ ಎದುರಿಗೆ ಬರುವಂತೆ ಕೂರಿಸುತ್ತಾರೆ. ನನ್ನದು ಎಡಪಕ್ಕ. ಫೋಟೊವನ್ನು ಮೀನಿನ ಅಳತೆಗೇ ದೊಡ್ಡದು ಮಾಡಿ ಮುದ್ರಿಸಿ ಎದುರಿಗೆ ತೂಗುಹಾಕಿದ್ದರು. ಬೆನ್ನಿನ ರೆಕ್ಕೆಯ ಮುಂದೆ ಒಂದು ಹಳೆಯ ಗಾಯದ ಗುರುತು, ಬಾಲದ ಮೇಲಿನ ಹಾಳೆಯಲ್ಲಿ ಒಂದು ಕಚ್ಚು, ಎರಡನ್ನೂ ಬಿಡದೆ ತಂದಿದ್ದಾರೆ.

ಇನ್ನೊಂದು ಸಂಗತಿಯನ್ನು ನೋಡಿ ನನಗೆ ಅವರ ಮೇಲೆ ಪೂರ್ತಿ ನಂಬಿಕೆ ಬಂತು. ಮಸ್ಕಿಗೂ ಅದರ ದಾಯಾದಿ ನಾರ್ದರ್ನ್ ಪೈಕ್‌ಗೂ ವ್ಯತ್ಯಾಸ ಹೇಳಲು ಬಲ್ಲವರು ಮೀನನ್ನು ಮಗುಚಿ ಕೆಳದವಡೆಯ ಅಡಿಯನ್ನು ನೋಡುತ್ತಾರೆ. ಅಲ್ಲಿ ಸಣ್ಣ ರಂಧ್ರಗಳ ಸಾಲಿರುತ್ತದೆ. ಪೈಕ್‌ಗೆ ಒಂದೊಂದು ಬದಿಗೆ ಐದು ಅಥವಾ ಅದಕ್ಕಿಂತ ಕಡಿಮೆ, ಮಸ್ಕಿಗೆ ಆರರಿಂದ ಒಂಬತ್ತು. ಗೋಡೆಗೆ ಏರಿದ ಮೇಲೆ ಆ ಜಾಗವನ್ನು ಯಾರೂ ನೋಡುವುದಿಲ್ಲ. ಇವರು ನನ್ನ ಫೋಟೊಗಳಲ್ಲಿ ದವಡೆ ಕಾಣುವ ಒಂದನ್ನು ಹುಡುಕಿ, ಎಡಗಡೆ ಏಳು ರಂಧ್ರ ಎಣಿಸಿ, ಅಚ್ಚಿನಲ್ಲಿ ಮುಚ್ಚಿಹೋಗಿದ್ದ ಒಂದನ್ನು ಸೂಜಿಯಿಂದ ಮತ್ತೆ ತೆರೆದರು. ಯಾರಿಗಾಗಿ ಇಷ್ಟು ಕಷ್ಟ ಎಂದು ಕೇಳಿದೆ. ‘ನಿಮ್ಮ ಮೀನಿಗೆ ಏಳಿತ್ತಲ್ಲ’ ಎಂದರು. ಅಮ್ಮನ ಪ್ರಶ್ನೆಗೆ ನಾನು ಕೊಟ್ಟ ಉತ್ತರವೂ ಅದೇ. ದುಡ್ಡು ಹೋದದ್ದು ಪ್ಲಾಸ್ಟಿಕ್ಕಿಗಲ್ಲ, ಆ ಏಳನೆಯ ರಂಧ್ರಕ್ಕೆ.

ದೂರುಗಳನ್ನೂ ಬರೆಯಬೇಕು. ವರ್ಷದೊಳಗೆ ಕೊಡುತ್ತೇನೆ ಎಂದವರು ಕೊಡಲಿಲ್ಲ, ಮುಂದಿನ ಚಳಿಗಾಲಕ್ಕೆ ಹೋಯಿತು. ನಡುವೆ ಫೋನ್ ಮಾಡಿದರೆ ಎತ್ತುವುದಿಲ್ಲ, ಸಂದೇಶ ಕಳಿಸಿದರೆ ವಾರದ ಮೇಲೆ ಒಂದು ಸಾಲು. ಒಬ್ಬರೇ ಮಾಡುವ ಕೆಲಸ, ತಡವಾಗುವುದು ನನಗೆ ಅರ್ಥವಾಗುತ್ತದೆ. ತಡವಾಗುತ್ತದೆ ಎಂದು ಮೊದಲೇ ಒಂದು ಮಾತು ಹೇಳಲು ಎಷ್ಟು ಹೊತ್ತು ಬೇಕು? ಕೊನೆಗೆ ಬಂದಾಗ ಹೊಟ್ಟೆಯ ಕಡೆಯ ರೆಕ್ಕೆಗಳಿಗೆ ಇಟ್ಟಿಗೆ ಕೆಂಪು ಹೆಚ್ಚಾಗಿ ಕೂತಿತ್ತು. ನನ್ನ ಮೀನಿನ ರೆಕ್ಕೆ ಕಂದು, ಅಂಚಿನಲ್ಲಿ ಮಾತ್ರ ಕೆಂಪು. ಫೋಟೊ ತೋರಿಸಿದಾಗ ಮರುಮಾತಿಲ್ಲದೆ ವಾಪಸು ತೆಗೆದುಕೊಂಡು, ಮೇಲಿನ ಹೊಳಪಿನ ಪದರವನ್ನು ಉಜ್ಜಿ ಮತ್ತೆ ಮಾಡಿಕೊಟ್ಟರು, ಹೆಚ್ಚಿನ ಹಣ ಕೇಳಲಿಲ್ಲ. ಹಲ್ಲುಗಳ ಬಗ್ಗೆ ನನಗೆ ಇನ್ನೂ ಸಮಾಧಾನವಿಲ್ಲ. ಕೆಳದವಡೆಯ ದೊಡ್ಡ ಹಲ್ಲುಗಳು ಪೂರ್ತಿ ಹಾಲುಬಿಳುಪು. ಜೀವಂತ ಮಸ್ಕಿಯ ಹಲ್ಲಿನ ತುದಿ ಗಾಜಿನಷ್ಟು ಪಾರಕವಾಗಿರುತ್ತದೆ, ಬುಡದಲ್ಲಿ ಮಾತ್ರ ಬಿಳುಪು ಕಟ್ಟಿರುತ್ತದೆ. ಹಲ್ಲಿನ ಕೆಲಸದವಳ ಕಣ್ಣಿಗೆ ಅದು ಚುಚ್ಚುತ್ತದೆ. ಬೇರೆ ಯಾರೂ ಈವರೆಗೆ ಗಮನಿಸಿಲ್ಲ. ಕೆಲಸಕ್ಕೆ ಐದರಲ್ಲಿ ನಾಲ್ಕೂವರೆ, ವ್ಯವಹಾರಕ್ಕೆ ಎರಡು ಕೊಡುತ್ತೇನೆ.

ಹಣ ಅಷ್ಟಿಲ್ಲ, ಮೀನು ತಿನ್ನುವುದೂ ಬೇಕು ಎನ್ನುವವರಿಗೆ ಗ್ಯೋಟಾಕು ಇದೆ. ಮೀನಿನ ಮೈಗೆ ಮಸಿ ಸವರಿ, ತೆಳುವಾದ ಜಪಾನಿ ಕಾಗದವನ್ನು ಒತ್ತಿ ಅಚ್ಚು ತೆಗೆಯುವ ವಿದ್ಯೆ ಇದು. ಜಪಾನಿನ ಗಾಳದವರು ತಾವು ಹಿಡಿದ ಮೀನಿನ ಅಳತೆಗೆ ಸಾಕ್ಷಿಯಾಗಿ ಇದನ್ನು ಬಳಸುತ್ತಿದ್ದರು. 1839ರ ಒಂದು ಅಚ್ಚು ಅಲ್ಲಿನ ತ್ಸುರುವೋಕಾ ಊರಿನಲ್ಲಿ ಇಂದಿಗೂ ಇದೆ. ನಮ್ಮ ಮಗ ಸಮುದಾಯ ಭವನದ ಒಂದು ತರಗತಿಯಲ್ಲಿ ಕಲಿತು ಬಂದು, ನಾನು ಹಿಡಿದ ವಾಲೈ ಮೀನಿನ ಅಚ್ಚು ತೆಗೆದ. ಮೊದಲು ಲೋಳೆಯನ್ನು ಉಪ್ಪುನೀರಿನಲ್ಲಿ ತೊಳೆದು ಚೆನ್ನಾಗಿ ಒರೆಸಬೇಕು. ಮಸಿ ತೆಳುವಾಗಿರಬೇಕು, ಹೆಚ್ಚಾದರೆ ಹುರುಪೆಗಳೆಲ್ಲ ಕಲಸಿ ಕಪ್ಪು ಮುದ್ದೆಯಾಗುತ್ತದೆ. ಕಣ್ಣನ್ನು ಆಮೇಲೆ ಕುಂಚದಿಂದ ಬರೆಯುತ್ತಾರೆ. ಮಸಿ ನಿರಪಾಯದ್ದಾಗಿದ್ದರೆ ಚರ್ಮ ತೆಗೆದು ಮೀನನ್ನು ತಿನ್ನಬಹುದು. ನಾವು ಹಾಗೆಯೇ ಮಾಡಿದೆವು, ಮೆಣಸು ಬೆಳ್ಳುಳ್ಳಿ ಅರೆದು ಹಚ್ಚಿ ಕಾವಲಿಯ ಮೇಲೆ. ಅದರ ಅಚ್ಚು ಊಟದ ಮೇಜಿನ ಮೇಲಿನ ಗೋಡೆಯಲ್ಲಿದೆ. ವಾಲೈ ಮಿನ್ನೆಸೋಟಾದ ರಾಜ್ಯ ಮೀನು, ತಿನ್ನಲು ರುಚಿಯಾದದ್ದು. ಅಂಥ ಮೀನಿಗೆ ಇದಕ್ಕಿಂತ ಒಳ್ಳೆಯ ಮರ್ಯಾದೆ ನನಗೆ ತೋಚದು. ಬಣ್ಣ ಸಿಗುವುದಿಲ್ಲ, ದುಂಡಗಿನ ಮೈ ಸಿಗುವುದಿಲ್ಲ. ಉದ್ದದ ಅಳತೆ ಮಾತ್ರ ಹೆಚ್ಚೇನೂ ತಪ್ಪುವುದಿಲ್ಲ.

ಇಡೀ ಮೀನನ್ನು ಹೆಪ್ಪುಗಟ್ಟಿಸಿ ಯಂತ್ರದಲ್ಲಿ ತೇವಾಂಶ ಹೀರಿ ಒಣಗಿಸುವ ಪದ್ಧತಿಯೂ ಇದೆ. ಎಣ್ಣೆ ಒಳಗೇ ಉಳಿಯುತ್ತದೆ, ಹುಳು ಬೀಳುವ ಭಯ ಬೇರೆ. ನನಗೆ ಅದು ಬೇಡ.

ಈ ವಿಷಯ ನನಗೆ ಇಷ್ಟು ಹತ್ತಿರವಾಗಲು ನಮ್ಮೂರ ಕಡೆಯ ಕಾರಣವೂ ಇದೆ. ಟ್ಯಾಕ್ಸಿಡರ್ಮಿ ಎಂದರೆ ಮೈಸೂರು ಸೀಮೆಯವರಿಗೆ ವಾನ್ ಇಂಗೆನ್ ಕುಟುಂಬದ ಕಾರ್ಖಾನೆಯ ನೆನಪಾಗುತ್ತದೆ. ಮಹಾರಾಜರೂ ಬ್ರಿಟಿಷ್ ಅಧಿಕಾರಿಗಳೂ ಹೊಡೆದ ಹುಲಿ ಚಿರತೆಗಳು ಅಲ್ಲಿ ಕಾಗದದ ಮುದ್ದೆಯಿಂದ ಎರಕ ಹೊಯ್ದ ಮೈಯ ಮೇಲೆ ಚರ್ಮ ಹೊದ್ದು, ದೇಶವಿದೇಶದ ಗೋಡೆಗಳಿಗೆ ಹೋದವು. 1999ರಲ್ಲಿ ಅದು ಮುಚ್ಚಿತು. ಅದೇ ಮನೆತನದ ಡಿ ವೆಟ್ ವಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ ಹಿಡಿದ ಮಹಶೀರ್ ಮೀನು ತೂಗಿದ್ದು 120 ಪೌಂಡ್, ಅಂದರೆ 54 ಕಿಲೊ. ಅಪ್ಪ ಆ ಮೀನಿನ ಕಥೆಯನ್ನು ಕಣ್ಣಾರೆ ಕಂಡವರಂತೆ ಹೇಳುತ್ತಿದ್ದರು. ಕಾವೇರಿ ಸೀಮೆಯ ಆ ಗೂನುಬೆನ್ನಿನ ಮಹಶೀರ್‌ಗೆ ವಿಜ್ಞಾನಿಗಳು ಟಾರ್ ರೆಮಾದೇವಿ ಎಂಬ ಸರಿಯಾದ ಹೆಸರು ಹೊಂದಿಸಿದ್ದು 2018ರಲ್ಲಿ. ಅದೇ ವರ್ಷ ಅದು ತೀವ್ರ ಅಪಾಯದಲ್ಲಿರುವ ಜೀವಿಗಳ ಕೆಂಪು ಪಟ್ಟಿಗೂ ಸೇರಿತು. ಕಾವೇರಿ ದಡದ ಭೀಮೇಶ್ವರಿ, ಗಾಲಿಬೋರೆಯ ಗಾಳದ ಶಿಬಿರಗಳಲ್ಲಿ ಹಿಡಿದ ಮಹಶೀರ್ ಅನ್ನು ತೂಗಿ, ಫೋಟೊ ತೆಗೆದು, ನೀರಿಗೆ ಬಿಡುವ ಪದ್ಧತಿ ಬಹಳ ಕಾಲ ನಡೆಯಿತು. ಈಗ ಅಲ್ಲಿ ಗಾಳ ಹಾಕುವಂತಿಲ್ಲ. ಅಂದು ಬಿಟ್ಟವರ ಬಳಿ ಹಳೆಯ ಫೋಟೊ, ಉದ್ದ, ಸುತ್ತಳತೆ ಇದ್ದರೆ ಇಂದಿಗೂ ಅದರಿಂದ ಒಂದು ಪ್ರತಿಕೃತಿ ಮಾಡಿಸಬಹುದು. ಇಂಥ ಕೈಕೆಲಸದವರೊಬ್ಬರು ಮೈಸೂರಿನಲ್ಲಿ ಮತ್ತೆ ಹುಟ್ಟಿಕೊಳ್ಳಲಿ ಎಂಬುದು ನನ್ನ ಮನಸಾರೆಯ ಆಸೆ. ಶೃಂಗೇರಿಯ ತುಂಗೆಯಲ್ಲಿ ಮಂಡಕ್ಕಿ ಹಾಕುತ್ತಾ ಮೀನಿನ ಮೈ ಮುಟ್ಟಿ ಬೆಳೆದ ಮಕ್ಕಳಿಗೆ, ಐದು ಅಡಿಯ ಮಹಶೀರ್ ಹೇಗಿತ್ತು ಎಂದು ತೋರಿಸಲು ಯಾವ ಮೀನನ್ನೂ ಕೊಲ್ಲಬೇಕಾಗಿಲ್ಲ.

ಮಾಡಿಸುವವರಿಗೆ ಕೆಲವು ಮಾತು. ಅಂಗಡಿಗೆ ಹೋದಾಗ ಹೊಸದಾಗಿ ಮುಗಿಸಿದ ಮೀನು ತೋರಿಸುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ಐದಾರು ವರ್ಷ ಹಳೆಯದಾದ ಒಂದನ್ನು ತೋರಿಸಿ ಎಂದು ಕೇಳಿ. ಗಿರಾಕಿಯ ಫೋಟೊವನ್ನೂ ಅದರಿಂದ ಮಾಡಿದ ಮೀನನ್ನೂ ಅಕ್ಕಪಕ್ಕ ಇಟ್ಟು ತೋರಿಸಲು ಹೇಳಿ. ಹಿಂದೆ ಸರಿದರೆ ನೀವೂ ಹಿಂದೆ ಸರಿಯಿರಿ. ನಿಮ್ಮ ಅಳತೆಯ ಅಚ್ಚು ಅವರಲ್ಲೇ ಇದೆಯೇ, ಅಥವಾ ಬೇರೆಡೆಯಿಂದ ಖಾಲಿ ಮೈ ತರಿಸಿ ಬಣ್ಣ ಮಾತ್ರ ಹಚ್ಚುತ್ತಾರೆಯೇ ಎಂದು ವಿಚಾರಿಸಿ. ತರಿಸಿದರೂ ತಪ್ಪಿಲ್ಲ, ಹಾಗೆಂದು ಹೇಳಬೇಕು. ಗೋಡೆಯ ಕಡೆಯ ಪಕ್ಕಕ್ಕೂ ಬಣ್ಣ ಬೇಕೇ ಎಂಬುದನ್ನು ಮೊದಲೇ ತೀರ್ಮಾನಿಸಿ. ಬಾಯಿ ತೆರೆದ ಭಂಗಿ ಬೇಕಿದ್ದರೆ ಒಳಗಿನ ಕಿವಿರು, ನಾಲಿಗೆಯ ಕೆಲಸಕ್ಕೆ ಹೆಚ್ಚಿನ ದರವಿದೆ. ಅಗ್ಗಿಷ್ಟಿಕೆಯ ಮೇಲೆ, ಕಿಟಕಿಯ ಎದುರು ತೂಗುಹಾಕಬೇಡಿ, ಪ್ರತಿಕೃತಿಯ ಬಣ್ಣವೂ ಬಿಸಿಲಿಗೆ ಮಾಸುತ್ತದೆ. ಧೂಳನ್ನು ಮೆತ್ತನೆಯ ಕುಂಚದಿಂದ ತಲೆಯಿಂದ ಬಾಲದ ಕಡೆಗೆ ಮಾತ್ರ ತೆಗೆಯಿರಿ. ತಡವಾದರೆ ಏನು ಎಂಬ ಸಾಲನ್ನು ರಸೀದಿಯ ಮೇಲೆ ಅವರ ಕೈಯಲ್ಲೇ ಬರೆಸಿಕೊಂಡು, ಮುಂಗಡವನ್ನು ಆಮೇಲೆ ಕೊಡಿ.